ಹಿತ್ತಿಲ ಬಾಗಿಲಿನ ಆರೋಗ್ಯ ಇಲಾಖೆ

ನಮ್ಮೂರಲ್ಲಿ ಆರೋಗ್ಯ ಎನ್ನುವುದು ಯಾರ ಸ್ವಂತ ವಿಷಯವೂ ಆಗಿರಲಿಲ್ಲ. ಮೇಲಿನಕೇರಿಯಲ್ಲಿ ಒಬ್ಬರಿಗೆ ರಾತ್ರಿ ಹೊಟ್ಟೆ ಕೆಟ್ಟರೆ, ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಸುದ್ದಿ ಕೆಳಗಿನಕೇರಿ ದಾಟಿರುತ್ತಿತ್ತು. ಒಬ್ಬರು ಓಮದ ಕಷಾಯ ತರುವರು, ಇನ್ನೊಬ್ಬರು ದಾಳಿಂಬೆ ಸಿಪ್ಪೆ. ಏನೂ ತರದವರು ‘ನಮ್ಮ ಭಾವನ ಮಗನಿಗೂ ಹಿಂಗೇ ಶುರುವಾಗಿದ್ದು, ಪಾಪ’ ಎಂದು ಕಥೆ ತೆಗೆಯುವರು. ರೋಗಿಗೆ ಕಾಯಿಲೆಗಿಂತ ಕೇಳಿದವರಿಗೆಲ್ಲ ಉತ್ತರ ಹೇಳಿಯೇ ಸುಸ್ತು. ಇಂಥ ಊರಿಗೆ ಸರ್ಕಾರದ ಆರೋಗ್ಯ ಇಲಾಖೆ ಬಂದಾಗ ಅದು ಹೊಸದಾಗಿ ತಂದ ದೊಡ್ಡ ವಸ್ತು ಎಂದರೆ ರಿಜಿಸ್ಟರು. ಊರವರು ಸುಮ್ಮನೆ ಕೇಳುತ್ತಿದ್ದುದನ್ನೇ ಇಲಾಖೆಯವರು ಬರೆದುಕೊಂಡು ಕೇಳಿದರು.

ಊರಿರುವುದು ಸೊರಬ–ಸಾಗರದ ನಡುವಿನ ಅಡಿಕೆ ಸೀಮೆಯಲ್ಲಿ. ಮಳೆಗಾಲದಲ್ಲಿ ಬಸ್ಸೇ ಹಿಂದೆಮುಂದೆ ನೋಡುತ್ತಿದ್ದ ಆ ಊರಿಗೆ ತಪ್ಪದೆ ಬರುತ್ತಿದ್ದವರು ಮಲೇರಿಯಾದವರು. ಖಾಕಿ ಚೀಲ, ಸೈಕಲ್ಲು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು. ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1953ರಲ್ಲಿ. 1958ರಲ್ಲಿ ಅದಕ್ಕೆ ನಿರ್ಮೂಲನ ಕಾರ್ಯಕ್ರಮ ಎಂದು ಹೆಸರು ಬದಲಾಯಿಸಿದರು. ನಮ್ಮ ತೋಟದ ಸೊಳ್ಳೆಗಳಿಗೆ ಈ ಬದಲಾವಣೆಯನ್ನು ಯಾರೂ ತಿಳಿಸಿದಂತೆ ಕಾಣಲಿಲ್ಲ.

ಪ್ರತಿ ಮನೆಯ ಬಾಗಿಲ ಪಕ್ಕ ಗೋಡೆಗೆ ಅಚ್ಚಿಟ್ಟು ಹೊಡೆದ ಒಂದು ಚೌಕವಿತ್ತು. ಅದರೊಳಗೆ ಮನೆ ನಂಬರು, ಬಂದುಹೋದ ತಾರೀಖು, ಪಕ್ಕದಲ್ಲೊಂದು ಗೀಚು ಸಹಿ. ದೀಪಾವಳಿಗೆ ಗೋಡೆಗೆಲ್ಲ ಸುಣ್ಣ ಬಳಿಯುವಾಗ ಅಮ್ಮ ಆ ಚೌಕದ ಅಂಚಿಗೆ ಬಂದು ಕುಂಚ ನಿಲ್ಲಿಸುತ್ತಿದ್ದಳು. ‘ಅದು ಗೌರ್ಮೆಂಟಿಂದು, ಮುಟ್ಟಬೇಡಿ’ ಎಂದು ನಮಗೂ ತಾಕೀತು. ಹೀಗೆ ವರ್ಷದಿಂದ ವರ್ಷಕ್ಕೆ ಗೋಡೆ ಬೆಳ್ಳಗಾಗುತ್ತ, ಪದರ ಪದರ ಸುಣ್ಣದಿಂದ ದಪ್ಪಗಾಗುತ್ತ ಹೋಯಿತು. ಸರ್ಕಾರ ಮಾತ್ರ ಮಾಸಿದ ಬಣ್ಣದಲ್ಲಿ ಒಂದು ನೂಲು ಒಳಗೆ ಉಳಿಯಿತು.

‘ಹದಿನೈದು ದಿನದಲ್ಲಿ ಯಾರಿಗಾದರೂ ಜ್ವರ ಬಂದಿತ್ತಾ?’ ಎನ್ನುವುದು ಅವರ ಮೊದಲ ಪ್ರಶ್ನೆ. ಇಲ್ಲ ಎಂದರೂ ನಂಬುತ್ತಿರಲಿಲ್ಲ. ಮಕ್ಕಳ ಮುಖ ನೋಡುತ್ತಿದ್ದರು. ಹೌದು ಎಂದವನ ಬೆರಳು ಹಿಡಿದು, ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಸೂಜಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಎರಡು ಕಡೆ ರಕ್ತ ಹಚ್ಚಿಕೊಳ್ಳುವರು. ಅಲ್ಲೇ ಕ್ಲೋರೋಕ್ವಿನ್ ಮಾತ್ರೆ ನುಂಗಿಸುವರು. ಅದರ ಕಹಿ ಮಧ್ಯಾಹ್ನದ ಊಟದವರೆಗೆ ನಾಲಗೆಯ ಮೇಲಿರುತ್ತಿತ್ತು. ರಕ್ತ ಪರೀಕ್ಷೆಯ ವರದಿ ಬರುವ ಹೊತ್ತಿಗೆ ರೋಗಿ ಗುಣವಾಗಿ, ನೆಂಟರ ಮನೆ ಮದುವೆ ಮುಗಿಸಿ, ಮತ್ತೊಂದು ಜ್ವರ ಹತ್ತಿಸಿಕೊಂಡು ವಾಪಸಾಗಿರುತ್ತಿದ್ದ. ಡಿ.ಡಿ.ಟಿ. ಹೊಡೆಯುವವರು ಬಂದರೆ ದೇವರ ಕೋಣೆಗೂ ಅಡುಗೆಮನೆಗೂ ಅಜ್ಜಿಯ ತಡೆಯಾಜ್ಞೆ. ಮಲಗುವ ಕೋಣೆಗೆ ಮಾತ್ರ ಪೂರ್ಣ ಅನುಮತಿ. ಸೊಳ್ಳೆಯ ಮೇಲಿನ ಸಿಟ್ಟಿಗಲ್ಲ. ಮಂಚದ ತಿಗಣೆಗಾದರೂ ಒಂದು ಗತಿ ಕಾಣಲಿ ಎಂದು.

ಆಗಿನವರ ತೋಳು ನೋಡಿದರೆ ಯಾವ ಕಾಲದವರೆಂದು ಹೇಳಬಹುದಿತ್ತು. ಸಿಡುಬಿನ ಮೈಲಿ ಹಾಕಿಸಿಕೊಂಡವರಿಗೆ ನಾಲ್ಕಾಣೆ ಅಗಲದ ಗುಳಿ. ನಮ್ಮ ಓರಗೆಯವರಿಗೆ ಎಡತೋಳಿನಲ್ಲಿ ಬಿ.ಸಿ.ಜಿ.ಯ ಸಣ್ಣ ಗುರುತು. ಈ ವಿಷಯದಲ್ಲಿ ಮೈಸೂರಿಗೆ ಅರಮನೆಯಷ್ಟೇ ಹಳೆಯ ಚರಿತ್ರೆಯಿದೆ. ಥಾಮಸ್ ಹಿಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಬರೆದ ಮೈಸೂರು ರಾಣಿಯರ ಚಿತ್ರವೊಂದಿದೆ. ಅದರಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುತ್ತ ನಿಂತಿದ್ದಾರೆ. ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ಚಿಕ್ಕವಯಸ್ಸಿನ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಎಂದು ವಿದ್ವಾಂಸರು ಊಹಿಸುತ್ತಾರೆ. ಅರಮನೆಯೇ ಹಾಕಿಸಿಕೊಂಡ ಮೇಲೆ ಪ್ರಜೆಗಳದ್ದೇನು ಹಠ ಎಂಬ ಲೆಕ್ಕಾಚಾರವಿದ್ದೀತು. ಸಿನಿಮಾ ನಟರು ಲಸಿಕೆಯ ಜಾಹೀರಾತಿಗೆ ಬರುವುದು ಹೊಸದೇನಲ್ಲ.

ಸಿಡುಬು ದೇಶ ಬಿಡುವಾಗಲೂ ಸುಮ್ಮನೆ ಹೋಗಲಿಲ್ಲ. 1975ರಲ್ಲಿ, ಇನ್ನೆಲ್ಲಾದರೂ ಅಡಗಿದೆಯೇ ಎಂದು ಪತ್ತೆಮಾಡಲು, ಸಿಡುಬಿನ ರೋಗಿಯನ್ನು ತೋರಿಸಿಕೊಟ್ಟವರಿಗೆ ಸಾವಿರ ರೂಪಾಯಿ ಬಹುಮಾನ ಎಂದು ಸರ್ಕಾರ ಸಾರಿತು. ಸಾವಿರ ಎಂದರೆ ಆಗ ಒಂದು ಜೋಡಿ ಎತ್ತಿನ ಮಾತು. ಹಿರಿಯರು ಹೇಳುತ್ತಿದ್ದ ಪ್ರಕಾರ, ಆ ವರ್ಷ ನಮ್ಮೂರಲ್ಲಿ ಮೊಡವೆಯ ಹುಡುಗರು ನೆಮ್ಮದಿಯಾಗಿ ಓಡಾಡುವಂತಿರಲಿಲ್ಲ. ಯಾರ ಮುಖದ ಮೇಲೆ ನಾಲ್ಕು ಗುಳ್ಳೆ ಎದ್ದರೂ ಹಿತೈಷಿಗಳ ಗುಂಪೇ ಮನೆಗೆ ಬರುತ್ತಿತ್ತು. ನೋಡಿ, ತಿರುಗಿಸಿ ನೋಡಿ, ‘ಛೆ, ಬರೀ ಸೀತಾಳೆ ಸಿಡುಬು’ ಎಂದು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿತ್ತು. ಬಹುಮಾನ ಊರಿಗೆ ಬರಲೇ ಇಲ್ಲ. ಸಿಡುಬೂ ಬರಲಿಲ್ಲ.

ಆಸ್ಪತ್ರೆ ಇದ್ದದ್ದು ಹೋಬಳಿಯಲ್ಲಿ. ಭೋರ್ ಸಮಿತಿ 1946ರಲ್ಲಿ ಹೇಳಿ, 1952ರ ಸಮುದಾಯ ಅಭಿವೃದ್ಧಿ ಯೋಜನೆಯ ಜೊತೆ ದೇಶದಲ್ಲಿ ತಲೆಯೆತ್ತತೊಡಗಿದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವಂಶಕ್ಕೆ ಸೇರಿದ್ದು ಅದು. ಬಯಲುಸೀಮೆಯಲ್ಲಿ ಮೂವತ್ತು ಸಾವಿರ, ಗುಡ್ಡಗಾಡಿನಲ್ಲಿ ಇಪ್ಪತ್ತು ಸಾವಿರ ಜನಕ್ಕೆ ಇಂಥದೊಂದು ಎಂದು ಆಮೇಲೆ ಲೆಕ್ಕ ಹಾಕಿದರು. ಡಾಕ್ಟರುಗಳು ಬರುತ್ತಿದ್ದರು, ಒಂದು ಮಳೆಗಾಲ ನೋಡುತ್ತಿದ್ದರು, ವರ್ಗಕ್ಕೆ ಅರ್ಜಿ ಹಾಕುತ್ತಿದ್ದರು. ಅಲುಗಾಡದೆ ಇದ್ದವರು ಕಾಂಪೌಂಡರು. ಸುತ್ತಲ ಹಳ್ಳಿಗಳಿಗೆ ಅವರೇ ಡಾಕ್ಟರು. ಡಾಕ್ಟರು ಎಂದರೆ ಅವರಿಗೆ ಸಹಿ ಹಾಕಿಕೊಡುವವರು.

ಔಷಧಕ್ಕೆ ಬಾಟಲಿ ನಾವೇ ಒಯ್ಯಬೇಕಿತ್ತು. ಕಾಂಪೌಂಡರು ದೊಡ್ಡ ಜಾಡಿಯಿಂದ ಗುಲಾಬಿ ಬಣ್ಣದ ಮಿಕ್ಸ್ಚರ್ ಸುರಿದು, ಕತ್ತರಿ ಎತ್ತಿಕೊಳ್ಳುವರು. ಒಂದು ಕಾಗದದ ಪಟ್ಟಿಯನ್ನು ಉದ್ದಕ್ಕೆ ಮಡಚಿ, ಅಂಚಿನಲ್ಲಿ ಕಚಕಚನೆ ಕಚ್ಚು ಹಾಕಿ, ಬಿಡಿಸಿ, ಗೋಂದು ಹಚ್ಚಿ ಬಾಟಲಿಯ ಮೈಗೆ ಅಂಟಿಸುವರು. ಒಂದು ಕಚ್ಚಿನಿಂದ ಇನ್ನೊಂದಕ್ಕೆ ಒಂದು ಹೊತ್ತಿನ ಔಷಧ. ಓದುಬರಹ ಬಾರದ ಮುದುಕಿಯೂ ಬಾಟಲಿಯನ್ನು ಬೆಳಕಿಗೆ ಹಿಡಿದು ತನ್ನ ಪಾಲು ಎಷ್ಟೆಂದು ನೋಡಿಕೊಳ್ಳುತ್ತಿದ್ದಳು. ಇವತ್ತು ಔಷಧದ ಡಬ್ಬಿಯೊಳಗೆ ಹತ್ತು ಮಡಿಕೆಯ ಚೀಟಿ ಇಡುತ್ತಾರೆ. ಅದನ್ನು ಓದಲು ಭೂತಗನ್ನಡಿ ಬೇಕು. ಓದಿ ಮುಗಿಸಿದರೆ ಎದೆಬಡಿತಕ್ಕೆ ಬೇರೆ ಮಾತ್ರೆ ಬೇಕು. ಗಾಜಿನ ಸಿರಿಂಜನ್ನು ಸ್ಟೀಲ್ ಪೆಟ್ಟಿಗೆಯಲ್ಲಿಟ್ಟು ಸೀಮೆಎಣ್ಣೆ ಸ್ಟೌ ಮೇಲೆ ಕುದಿಸುವ ಸದ್ದು ಕೇಳಿದರೆ ಸಾಕು, ಜಗಲಿಯಲ್ಲಿ ಕೂತ ಅರ್ಧ ಮಕ್ಕಳ ಜ್ವರ ತಾನಾಗಿ ಇಳಿಯುತ್ತಿತ್ತು.

ಇಷ್ಟೆಲ್ಲ ಇಲಾಖೆ ನಮ್ಮ ಮುಂಬಾಗಿಲಿಗೆ ಬಂತು. ಹಿತ್ತಿಲ ಬಾಗಿಲಿನಿಂದ ಬಂದವರು ನರ್ಸಮ್ಮ ಒಬ್ಬರೇ.

ಇಲಾಖೆಯ ಕಾಗದದಲ್ಲಿ ಅವರು ಎ.ಎನ್.ಎಂ. ಕೈಯಲ್ಲಿ ಕೊಡೆ, ಹೆಗಲಿಗೆ ಚೀಲ. ಜಗಲಿಯ ಗಂಡಸರಿಗೆ ಒಂದು ನಮಸ್ಕಾರ ಹಾಕಿ, ಮನೆ ಸುತ್ತಿ ಬಚ್ಚಲ ಪಕ್ಕದಿಂದ ನೇರ ಅಡುಗೆಮನೆಗೆ. ಹೆಂಗಸರು ನಿಜ ಹೇಳುವುದು ಒಲೆಯ ಮುಂದೆ ಮಾತ್ರ ಎಂಬುದನ್ನು ಅವರಿಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಾರರು. ಕೂತು, ಮಜ್ಜಿಗೆ ಕುಡಿದು, ಮೊದಲು ಅಜ್ಜಿಯ ಮಂಡಿನೋವು ವಿಚಾರಿಸುವರು. ಆಮೇಲೆ ಸೌತೆಬೀಜ ಯಾವಾಗ ಹಾಕಿದಿರಿ, ಬಳ್ಳಿ ಹಬ್ಬಿತಾ ಎಂದು ಮಾತು. ಅಜ್ಜಿ ದನಕ್ಕೆ ಹುಲ್ಲು ಹಾಕಲು ಕೊಟ್ಟಿಗೆಗೆ ಎದ್ದದ್ದೇ ತಡ, ಸೊಸೆಯಂದಿರ ಕಡೆ ಬಾಗಿ ಪಿಸಪಿಸ. ಚೀಲದಿಂದ ಕೆಂಪು ತ್ರಿಕೋನದ ಪಟ, ಮತ್ತೇನೋ ಪೊಟ್ಟಣ, ಎರಡು ಮಕ್ಕಳ ನಡುವೆ ಇರಬೇಕಾದ ಅಂತರದ ಲೆಕ್ಕ. ಅಜ್ಜಿ ವಾಪಸು ಬಂದು, ‘ಏನು ಅಷ್ಟೊಂದು ಮಾತು ನರ್ಸಮ್ಮ?’ ಎಂದರೆ, ‘ಅದೇ ಅಮ್ಮಾ, ಸೌತೆಬೀಜದ್ದು’ ಎನ್ನುವರು.

ವರ್ಷಗಟ್ಟಲೆ ನಮ್ಮ ಅಡುಗೆಮನೆಯಲ್ಲಿ ಸೌತೆಬೀಜದ ಚರ್ಚೆ ನಡೆಯಿತು. ಅಷ್ಟು ಚರ್ಚೆಗೆ ತಕ್ಕಷ್ಟು ಸೌತೆಕಾಯಿ ಬೆಳೆದದ್ದನ್ನು ನಾನು ಕಾಣೆ. ಆದರೆ ಚಿಕ್ಕಮ್ಮಂದಿರಿಗೆಲ್ಲ ಎರಡೆರಡೇ ಮಕ್ಕಳಾದವು. ಕೊನೆಯ ಚಿಕ್ಕಪ್ಪನ ಎರಡನೆಯ ಮಗುವಿನ ನಾಮಕರಣದ ದಿನ ಅಜ್ಜಿ, ಒಂಬತ್ತು ಹೆತ್ತು ಆರು ಉಳಿಸಿಕೊಂಡವಳು, ಊಟದ ಎಲೆಯ ಮುಂದೆ ನರ್ಸಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಅಂದಳಂತೆ: ‘ತಂಗೀ, ಆ ನಿನ್ನ ಸೌತೆಬೀಜ ನಮ್ಮ ಕಾಲಕ್ಕೇ ಬಂದಿದ್ದರೆ ಎಷ್ಟು ಚೆನ್ನಾಗಿತ್ತು.’

ಅಜ್ಜಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಆ ಸೌತೆಬೀಜ ಅವಳ ಕಾಲಕ್ಕೇ ಬಂದಿತ್ತು. ಸಂತಾನ ನಿಯಂತ್ರಣದ ಸಲಹೆ ಕೊಡುವ ಕ್ಲಿನಿಕ್ಕುಗಳನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ತೆರೆಯಲು ಮೈಸೂರು ಸಂಸ್ಥಾನ 1930ರಲ್ಲೇ ಅಪ್ಪಣೆ ಕೊಟ್ಟಿತ್ತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದರಲ್ಲಿ ಪ್ರಪಂಚಕ್ಕೇ ಮೊದಲಿನದು ಎಂದು ಅದರ ಹೆಸರು. ನಮ್ಮ ಸೀಮೆಯೂ ಆ ಸಂಸ್ಥಾನದ್ದೇ. ಆದರೆ ಅಪ್ಪಣೆ ಬೆಂಗಳೂರಿನಿಂದ ಹೊರಟು ನಮ್ಮ ಒಲೆಯ ಮುಂದೆ ಬಂದು ಕೂರಲು ನಲವತ್ತು ವರ್ಷ ಹಿಡಿಯಿತು. ಅದೂ ಕೊಡೆ ಹಿಡಿದ ಒಬ್ಬ ಹೆಂಗಸು ಕೆಸರಿನಲ್ಲಿ ನಡೆದು ತಂದದ್ದಕ್ಕೆ.

ವಾಂತಿಭೇದಿಯ ಕಾಲದಲ್ಲಿ ಉಪ್ಪು–ಸಕ್ಕರೆ ನೀರು ಕಲಸುವುದನ್ನು ಕಲಿಸಿದ್ದೂ ಅವರೇ. ‘ಭೇದಿಯಾದ ಮಗುವಿಗೆ ನೀರು ಕುಡಿಸುತ್ತಾರಾ ಯಾರಾದರೂ?’ ಎಂದು ಅಜ್ಜಿಯ ಆಕ್ಷೇಪ. ನರ್ಸಮ್ಮ ವಾದಕ್ಕೆ ಇಳಿಯಲಿಲ್ಲ. ‘ಹಾಗಾದರೆ ನಿಮ್ಮ ಗಂಜಿತಿಳಿಗೇ ಉಪ್ಪು ಹಾಕಿ ಗುಟುಕು ಗುಟುಕಾಗಿ ಕೊಡಿ ಅಮ್ಮಾ, ಅದೂ ಆಗುತ್ತದೆ’ ಎಂದರು. ಗಂಜಿಗೆ ಸರ್ಕಾರದ ಮುದ್ರೆ ಬಿದ್ದ ಖುಷಿಗೆ ಅಜ್ಜಿ ಕೇರಿಯಲ್ಲೆಲ್ಲ ಅದನ್ನು ತನ್ನದೇ ಮದ್ದು ಎಂದು ಪ್ರಚಾರ ಮಾಡಿದಳು.

ನಮ್ಮ ಸೀಮೆಗೆ ಮಾತ್ರ ಮೀಸಲಾದ ಒಂದು ಭಯವೂ ಇತ್ತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿ, ಹಿಂದೆಯೇ ಮನುಷ್ಯರೂ ಸತ್ತು, ಪತ್ತೆಯಾದ ವೈರಸ್ಸಿಗೆ ಆ ಕಾಡಿನ ಹೆಸರೇ ನಿಂತಿತು. ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಹರಡುವುದು ಮಂಗವಲ್ಲ, ಉಣುಗು. ಮಳೆ ನಿಂತು ಕಾಡು ಒಣಗತೊಡಗಿದರೆ ಆರೋಗ್ಯ ಇಲಾಖೆಯವರು ಮೈಗೆ ಹಚ್ಚಿಕೊಳ್ಳುವ ಡಿ.ಎಂ.ಪಿ. ಎಣ್ಣೆ ಹಂಚುತ್ತಿದ್ದರು. ತರಗೆಲೆಗೆ, ಸೌದೆಗೆ ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಬಳಿದುಕೊಳ್ಳಿ, ಬಂದಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ ಎಂದು ಮನೆಮನೆಯಲ್ಲೂ ಪಾಠ. ಮಂಗ ಸತ್ತರೆ ಹನುಮಂತನೆಂದು ಹೂ ಏರಿಸಿ ಮಣ್ಣು ಮಾಡುವ ಜನಕ್ಕೆ, ಮೊದಲು ಆಫೀಸಿಗೆ ತಿಳಿಸಿ ಎನ್ನುವುದು ವಿಚಿತ್ರವಾಗಿ ಕೇಳಿಸಿತು. ಆ ಎಣ್ಣೆ ಸೈಕಲ್ ಚೈನಿಗೆ ಒಳ್ಳೆಯದು ಎಂಬ ಸಂಶೋಧನೆ ನಮ್ಮೂರಿನದೇ. ಆದರೆ ನಗುವ ವಿಷಯವಲ್ಲ ಇದು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಇದೇ ಕಾಯಿಲೆ ಎಷ್ಟೋ ಮನೆಗಳ ದೀಪ ಆರಿಸಿತು. ಆಗಲೂ ಬಾಟಲಿ ಹಿಡಿದು ಮನೆಮನೆಗೆ ನಡೆದವರು ಇದೇ ಇಲಾಖೆಯ ಇದೇ ಬಗೆಯ ಹೆಂಗಸರು.

ಊರಿಗೆ ಅಂಗನವಾಡಿ ಬಂದದ್ದು ಸ್ವಲ್ಪ ತಡವಾಗಿ. ದೇಶದಲ್ಲಿ ಆ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದ ಪಾಲಿಗೆ ಸಿಕ್ಕದ್ದು ತಿರುಮಕೂಡಲು ನರಸೀಪುರ. ನಮ್ಮಲ್ಲಿ ಟೀಚರು ಕೆಲಸ ಶುರುಮಾಡಿದ ದಿನ ಜಂತಿಗೆ ಗಡಿಯಾರದ ಮುಖದ ತಕ್ಕಡಿಯೊಂದನ್ನು ನೇತುಹಾಕಿದರು. ಅದರ ಕೊಕ್ಕೆಗೆ ಚಡ್ಡಿಯ ಆಕಾರದ ಬಟ್ಟೆಚೀಲ, ಚೀಲದೊಳಗೆ ಮಗು. ಮಗು ಕಾಲು ಬಡಿದು ಬೊಬ್ಬೆ ಹೊಡೆಯುವುದು, ಮುಳ್ಳು ಅತ್ತಿಂದಿತ್ತ ತುಯ್ಯುವುದು, ಟೀಚರು ‘ಸ್ವಲ್ಪ ಸುಮ್ನಿರೋ ಮಾರಾಯ’ ಎನ್ನುತ್ತ ಹಿಡಿಯಲಾಗದ ಮುಳ್ಳನ್ನು ಹಿಡಿದು ಬರೆಯುವುದು. ‘ಮಗುವನ್ನು ಅಡಿಕೆ ತೂಗಿದಂತೆ ತೂಗುತ್ತಾರಾ? ದೃಷ್ಟಿಯಾಗುತ್ತದೆ’ ಎಂದು ಅಜ್ಜಿಯರ ಪಕ್ಷ ಒಂದಾಯಿತು. ಎರಡು ತಿಂಗಳಲ್ಲಿ ಅದೇ ಪಕ್ಷ ತಕ್ಕಡಿಯ ಕೆಳಗೆ ನಿಂತು, ಯಾರ ಮೊಮ್ಮಗ ಎಷ್ಟು ಗ್ರಾಂ ಏರಿದ ಎಂದು ಪೈಪೋಟಿಗೆ ಬಿತ್ತು. ತೂಕ ಏರದ ಮಗುವಿನ ತಾಯಿಗೆ ಹಿಟ್ಟಿನ ಪೊಟ್ಟಣ ಒಂದು ಹೆಚ್ಚು ಸಿಗುತ್ತಿತ್ತು. ಕೇರಿಯ ಅಜ್ಜಿಯರಿಂದ ಉಪದೇಶ ಹತ್ತು.

ಈಗ ನಾನಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ. ಇಲ್ಲಿ ಆರೋಗ್ಯಕ್ಕೆ ಏನೇನೂ ಕೊರತೆಯಿಲ್ಲ. ಕೆಳಗೆ ಜಿಮ್ಮಿದೆ, ಶನಿವಾರ ಯೋಗ, ಭಾನುವಾರ ಯಾವುದೋ ಆಸ್ಪತ್ರೆಯ ಪ್ಯಾಕೇಜಿನವರ ಟೆಂಟು. ದಂಪತಿಗಳಿಗೆ ರಿಯಾಯಿತಿ ಬೇರೆ. ಎಲ್ಲರ ಮಣಿಕಟ್ಟಿನಲ್ಲೂ ಹೆಜ್ಜೆ ಎಣಿಸುವ ಗಡಿಯಾರ. ಎದುರು ಮನೆಯವರು ಹೃದಯದ ಆಪರೇಷನ್ ಮಾಡಿಸಿಕೊಂಡು ಬಂದದ್ದು ಮಾತ್ರ ನಮಗೆ ತಿಳಿದದ್ದು ಬಹಳ ದಿನದ ಮೇಲೆ, ಲಿಫ್ಟಿನಲ್ಲಿ. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮೂರಲ್ಲಾಗಿದ್ದರೆ ಅವರು ಆಸ್ಪತ್ರೆಗೆ ಹೊರಡುವ ಮೊದಲೇ ಇಬ್ಬರು ಬೇರೆ ಡಾಕ್ಟರ ಹೆಸರು ಹೇಳಿ ಗಲಿಬಿಲಿ ಮಾಡಿಬಿಡುತ್ತಿದ್ದರು.

ಮೊನ್ನೆ ಗೇಟಿನ ಹತ್ತಿರ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯೊಬ್ಬರನ್ನು ಸೆಕ್ಯೂರಿಟಿಯವನು ತಡೆದು ನಿಲ್ಲಿಸಿದ್ದ.

‘ಯಾರನ್ನ ನೋಡಬೇಕು?’

‘ಎಲ್ಲರನ್ನೂ.’

ಅವನ ಮೊಬೈಲಿನ ಆ್ಯಪಿನಲ್ಲಿ ಅತಿಥಿ, ಕ್ಯಾಬು, ಪಾರ್ಸೆಲ್ಲು ಎಂದಷ್ಟೇ ಇತ್ತು. ಎಲ್ಲರನ್ನೂ ನೋಡಬೇಕಾದವರಿಗೆ ಕಾಲಂ ಇರಲಿಲ್ಲ. ಕೊನೆಗೆ ಪಾರ್ಸೆಲ್ ಎಂದು ಒತ್ತಿ ಒಳಗೆ ಬಿಟ್ಟ.

ಆಶಾ ಎಂಬ ವ್ಯವಸ್ಥೆ ಬಂದದ್ದು 2005ರಲ್ಲಿ, ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ. ಹಳ್ಳಿಯಲ್ಲಿ ಸುಮಾರು ಸಾವಿರ ಜನಕ್ಕೆ ಒಬ್ಬರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶದ ಆಶಾಗಳಿಗೆಲ್ಲ ಸೇರಿಸಿ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿ ಜಗತ್ತಿನದು. ಕೈಗೆ ಬರುವುದು ಸಂಬಳವೂ ಅಲ್ಲದ ಗೌರವಧನ. ಅದನ್ನು ಹೆಚ್ಚಿಸಿ ಎಂದು ಕೇಳಲು ಫ್ರೀಡಂ ಪಾರ್ಕಿನಲ್ಲಿ ಚಳಿಗೆ ಕೂರಬೇಕು. ಪೋಲಿಯೊ ಭಾನುವಾರಗಳಲ್ಲಿ ಮಗುವಿನ ಕಿರುಬೆರಳಿಗೆ ಶಾಯಿ ಹಚ್ಚಿದ ಕೈಗಳಲ್ಲಿ ಇವರದ್ದೂ ಇದೆ. ಭಾರತದಲ್ಲಿ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ನಮ್ಮನ್ನು ಪೋಲಿಯೊಮುಕ್ತ ಎಂದು ಸಾರಿದರು. ಅದು ಯಾವ ಗಡಿಯಾರವೂ ಎಣಿಸದ ಹೆಜ್ಜೆಗಳ ಫಲ.

ಅವತ್ತು ಆಶಾ ಮೂವತ್ತು ದಾಟಿದವರ ವಿವರ ಬರೆದುಕೊಳ್ಳುತ್ತಿದ್ದರು. ತಂಬಾಕು ಇದೆಯೇ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ, ವಾರಕ್ಕೆ ಎಷ್ಟು ಹೊತ್ತು ಮೈ ಬಗ್ಗಿಸುತ್ತೀರಿ. ಆಮೇಲೆ ಟೇಪು ತೆಗೆದು ಸೊಂಟದ ಸುತ್ತಳತೆ. ಅವರ ನಮೂನೆಯ ಪ್ರಕಾರ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ದಾಟಿದರೆ ಅಂಕ ಏರುತ್ತದೆ. ಇದು ಏರಬಾರದ ಅಂಕ. ಮೂರನೇ ಮಹಡಿಯ ನಿವೃತ್ತ ಸಾಹೇಬರು ಟೇಪು ಕಂಡದ್ದೇ ಉಸಿರು ಒಳಗೆಳೆದು, ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು, ಕಣ್ಣು ಮೇಲೆ ಮಾಡಿ ನಿಂತರು. ಆಶಾ ಟೇಪು ಹಿಡಿದೇ ಇದ್ದರು. ‘ಸಾರ್, ನನಗೇನೂ ಅವಸರ ಇಲ್ಲ, ನೀವು ಉಸಿರು ಬಿಡೋವರೆಗೂ ಕಾಯ್ತೀನಿ’ ಎಂದರು. ಸಾಹೇಬರು ಬಿಟ್ಟರು. ಟೇಪು ಮುಂದೆ ಸರಿಯಿತು. ಅವರ ಮಣಿಕಟ್ಟಿನ ಗಡಿಯಾರ ಅದೇ ಹೊತ್ತಿಗೆ ಸರಿಯಾಗಿ, ಇವತ್ತಿನ ಗುರಿ ಮುಟ್ಟಿದಿರಿ ಎಂದು ಮಿನುಗಿತು.

ನನಗನ್ನಿಸುವುದಿಷ್ಟು. ನಮ್ಮ ಊರುಗಳನ್ನು ಉಳಿಸಿದ್ದು ಔಷಧ ಎಷ್ಟೋ, ಕರೆಯದೆ ಬಂದು ಕೇಳಿದವರೂ ಅಷ್ಟೇ. ಆಸ್ಪತ್ರೆ ಎಷ್ಟೇ ದೊಡ್ಡದಿರಲಿ, ನಾವು ಹೋಗುವವರೆಗೆ ಅದು ಕಾಯುತ್ತದೆ. ನಾವು ಹೋಗುವುದು ನೋವು ಬಂದಮೇಲೆ. ರಕ್ತದೊತ್ತಡಕ್ಕೆ ನೋವಿಲ್ಲ, ಸಕ್ಕರೆಗೆ ನೋವಿಲ್ಲ, ತೂಕ ಏರದ ಮಗುವಿಗೆ ಹೇಳಲು ಬಾಯಿಲ್ಲ. ಅದನ್ನು ಯಾರಾದರೂ ಬಂದು ಕೇಳಿಯೇ ತಿಳಿಯಬೇಕು. ಹಾಗೆ ಕೇಳುವುದಕ್ಕೆ ಒಬ್ಬರನ್ನು ನೇಮಿಸಿ, ಚೀಲ ಕೊಟ್ಟು, ಬಿಸಿಲಿಗೆ ಕಳಿಸಿದ್ದು ಈ ಇಲಾಖೆ ಮಾಡಿದ ಜಾಣತನದ ಕೆಲಸ. ಅದರ ಉಳಿದ ಎಷ್ಟೋ ಕೆಲಸಗಳ ಬಗ್ಗೆ ಈ ಮಾತು ಹೇಳಲಾರೆ.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವೋ ಸರ್ಕಾರದ ‘ನಮ್ಮ ಕ್ಲಿನಿಕ್ಕೋ’ ಎಲ್ಲಿದೆ ಎಂದು ಈ ವಾರ ಒಮ್ಮೆ ನೋಡಿಕೊಂಡು ಬನ್ನಿ. ಬಿ.ಪಿ., ಸಕ್ಕರೆ ಅಲ್ಲಿ ಪುಕ್ಕಟೆ ನೋಡುತ್ತಾರೆ. ಮಕ್ಕಳ ಲಸಿಕೆಯೂ ಪುಕ್ಕಟೆಯೇ. ತುರ್ತಿಗೆ 108, ಮನಸ್ಸು ಭಾರವಾದ ದಿನಕ್ಕೆ ಟೆಲಿ ಮಾನಸ್‌ನ 14416. ಎರಡನ್ನೂ ಫ್ರಿಜ್ಜಿನ ಬಾಗಿಲ ಮೇಲೆ ಬರೆದಿಡಿ. ಆಶಾ ಬಂದು ಗಂಟೆ ಒತ್ತಿದರೆ ಬಾಗಿಲು ತೆರೆದು, ಕುರ್ಚಿ ಕೊಟ್ಟು, ಒಂದು ಲೋಟ ನೀರು ಕೊಡಿ. ವಯಸ್ಸನ್ನೂ ಸಿಗರೇಟನ್ನೂ ಇದ್ದದ್ದು ಇದ್ದಂತೆ ಹೇಳಿ. ಟೇಪು ತೆಗೆದಾಗ ಮಾತ್ರ ದಯವಿಟ್ಟು ಉಸಿರು ಬಿಡಿ.